ಬಸ್ಸು ಹತ್ತದ ಏಳು ಕಿಲೋಮೀಟರ್

ಮಾನ್ವಿ

ಜಪಾನಿಗೆ ಹೋಗಿ ಬಂದಿದ್ದೇನೆ ಎಂದರೆ ಈಗಿನ ಹುಡುಗಿಯರು ತಲೆ ಎತ್ತಿಯೂ ನೋಡುವುದಿಲ್ಲ. ಎಂಬತ್ತರ ದಶಕದ ನಡುವೆ ಹಾಗಿರಲಿಲ್ಲ. ಮಾನ್ವಿಯಿಂದ ರಾಯಚೂರಿಗೆ ಹೋಗಿಬರುವುದೇ ಆಗ ಒಂದು ದಿನದ ಕೆಲಸ. ಅಂಥದ್ದರಲ್ಲಿ ಕುರ್ಡಿ ಎಂಬ ಹಳ್ಳಿಯ ಕುರಿ ಕಾಯುವ ಮನೆತನದ ಸೊಸೆ ಓಡುವುದಕ್ಕೆಂದೇ ಸಮುದ್ರ ದಾಟಿ ಹೋಗುತ್ತಾಳೆಂದರೆ ಸಂತೆಯಲ್ಲಿ ತರಕಾರಿಯವಳೂ ತಕ್ಕಡಿ ಕೆಳಗಿಟ್ಟು ಮಾತಾಡಿಸುತ್ತಿದ್ದಳು.

ನಾನು ಮಾನ್ವಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಟದ ಟೀಚರಾಗಿದ್ದೆ. ಚಳಿಗಾಲದ ಆರಂಭದಲ್ಲಿ ಶಾಲೆಗೆ ಒಂದು ಸುತ್ತೋಲೆ ಬಂತು. ಜಪಾನಿನ ಕ್ಯೂಷು ದ್ವೀಪದ ಒಂದು ಚಿಕ್ಕ ಊರಿನವರು ವಸಂತದಲ್ಲಿ ಮ್ಯಾರಥಾನ್ ಓಟ ನಡೆಸುವವರಿದ್ದರು. ಏಷ್ಯಾದ ಬೇರೆ ಬೇರೆ ದೇಶಗಳ ಹಳ್ಳಿಗಾಡಿನ ಟೀಚರುಗಳನ್ನು ಕರೆಸಿ, ತಮ್ಮ ಮನೆಗಳಲ್ಲಿ ಇರಿಸಿಕೊಂಡು, ಓಡಿಸಿ ಕಳಿಸುವುದು ಅವರ ಆಸೆ. ಪದಕ ಗೆದ್ದವರೇ ಆಗಬೇಕೆಂದೇನೂ ಬರೆದಿರಲಿಲ್ಲ. ನಮ್ಮ ಹೆಡ್ ಅಕ್ಕೋರು ಸುಲೋಚನಾಬಾಯಿಯವರು ಅದನ್ನು ಮೂರು ಸಲ ಓದಿ ನನ್ನನ್ನು ಕರೆದರು.

“ಮಲ್ಲಮ್ಮ, ನೀವು ಓಡ್ತೀರಲ್ಲ?”

“ಓಡ್ತೀನ್ರಿ. ಆದ್ರ ಇದು ನಲವತ್ತೆರಡು ಕಿಲೋಮೀಟರ್ ಅದ.”

“ಅಂದ್ರ ಎಷ್ಟಾತು?”

“ರಾಯಚೂರಿಂದ ಹೊಂಟ್ರ, ಮಾನ್ವಿ ಇನ್ನೇನು ಬಂತು ಅನ್ನೋತನಕ.”

ಅಕ್ಕೋರು ಕನ್ನಡಕ ತೆಗೆದಿಟ್ಟರು. “ಅಷ್ಟು ದೂರ ಬಸ್ನ್ಯಾಗ ಕುಂತ್ರ ನನಗ ನಡ ಹಿಡೀತದ. ಇರಲಿ, ಅರ್ಜಿ ಹಾಕೂಣು. ಯಾರಾದ್ರು ಒಬ್ರು ಹೋಗೇ ಹೋಗ್ತಾರ. ಆ ಒಬ್ರು ನೀವ್ಯಾಕ ಆಗಬಾರದು?”

ನಾನು ಹಿಂಜರಿದದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷ ರಾಯಚೂರಿನಲ್ಲಿ ಮುಗಿಯುವ ಒಂದು ರಸ್ತೆ ಓಟಕ್ಕೆ ಹೋಗಿದ್ದೆ. ಗಂಡಸರ ಸರಿಸಮ ಓಡಬೇಕೆಂಬ ಹಟದಲ್ಲಿ ಮೊದಲೇ ಶಕ್ತಿಯನ್ನೆಲ್ಲ ಸುರಿದು ನಡುದಾರಿಯಲ್ಲಿ ಬಿದ್ದುಬಿಟ್ಟೆ. ಹತ್ತಿ ಮಿಲ್ಲಿಗೆ ಹೊರಟಿದ್ದ ಬಂಡಿಯವರು ನನ್ನನ್ನು ಹತ್ತಿ ತುಂಬಿದ ಅಂಡಿಗೆ ಚೀಲಗಳ ಮೇಲೆ ಮಲಗಿಸಿಕೊಂಡು ಊರೊಳಗೆ ಬಂದರು. ಓಟ ನೋಡಲು ನಿಂತಿದ್ದ ಜನರೆಲ್ಲ ಬಂಡಿಯನ್ನೇ ನೋಡಿದರು. ಅವತ್ತಿನಿಂದ ಮಾನ್ವಿಯಲ್ಲಿ ನನಗೆ “ಬಂಡಿ ಅಕ್ಕೋರು” ಎಂಬ ಹೆಸರು ಬಿತ್ತು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ. ಹಿಂದಿನಿಂದ ಕೇಳಿಸುತ್ತಿತ್ತು.

ಅರ್ಜಿ ಹಾಕಿದೆವು. ನಮ್ಮ ಕಡೆಯಿಂದ ಬೇರೆ ಯಾರೂ ಹಾಕಲಿಲ್ಲವೋ ಏನೋ, ನನ್ನ ಹೆಸರೇ ಬಂತು.

ಅಂದಿನಿಂದ ದಿನಾ ಬೆಳಗಿನ ಐದಕ್ಕೆ ರಸ್ತೆಗಿಳಿದೆ. ನಮ್ಮ ಕಡೆಯ ಚಳಿ ಚಳಿಯೇ ಅಲ್ಲವೆಂದು ಬೇರೆ ಸೀಮೆಯವರು ನಗುತ್ತಾರೆ. ಕಾಲುವೆಯ ಪಕ್ಕದಲ್ಲಿ, ನೀರು ನಿಂತ ಭತ್ತದ ಗದ್ದೆಗಳ ಮೇಲಿಂದ ಬರುವ ಗಾಳಿಗೆ ಕಿವಿ ಕೊಟ್ಟು ನೋಡಲಿ ಅವರು. ಬಿಳಿ ಪ್ಯಾಂಟಿನ ಮೇಲೆ ಗಂಡನ ಸ್ವೆಟರ್, ತಲೆಗೆ ಮಫ್ಲರ್, ಕಾಲಿಗೆ ಕ್ಯಾನ್ವಾಸ್ ಬೂಟು. ರಾಯಚೂರಿನ ಮೊದಲ ಬಸ್ಸಿನ ಡ್ರೈವರ್ ದಿನಾ ನನ್ನ ಪಕ್ಕ ಗಾಡಿ ನಿಧಾನ ಮಾಡುತ್ತಿದ್ದ.

“ಅಕ್ಕೋರ, ಬಸ್ಸು ತಪ್ಪಿತೇನ್ರಿ? ಹತ್ರಿ, ಹತ್ರಿ!”

“ಇಲ್ರೀ, ಸುಮ್ನ ಓಡಾಕತ್ತೀನಿ!”

“ಸುಮ್ನ ಯಾರರ ಓಡ್ತಾರೇನ್ರಿ?” ಎನ್ನುತ್ತ ಅವನು ಹೋಗುತ್ತಿದ್ದ. ಒಳಗೆ ಕೂತವರು ಕಿಟಕಿಯಿಂದ ಕತ್ತು ಚಾಚಿ, ನನ್ನ ಹಿಂದೆ ನಾಯಿಯೋ ಎತ್ತೋ ಬರುತ್ತಿದೆಯೇನೋ ಎಂದು ಹುಡುಕುತ್ತಿದ್ದರು.

ದೇವದುರ್ಗದ ಹೊಲಗಳು

ನನಗೆ ಓಟ ಕಲಿಸಿದ್ದು ನನ್ನ ಮಾವ ಅಮರಪ್ಪ. ಅವರು ಜೀವನದಲ್ಲಿ ಎಂದೂ ಓಡಿದವರಲ್ಲ, ಕುರಿಯ ಹಿಂದೆ ನಡೆದವರು. ಚಳಿಗಾಲದಲ್ಲಿ ಅವರ ಹಿಂಡು ದೇವದುರ್ಗದ ಕಡೆಗೆ ಹೋಗಿರುತ್ತಿತ್ತು. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ತರುಬಿ ಮಲಗಿಸಿದರೆ ಗೊಬ್ಬರವಾಗುತ್ತದೆಂದು ರೈತರು ಕರೆಯುತ್ತಿದ್ದರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಅವರಿದ್ದಲ್ಲಿಗೆ ಹೋಗುತ್ತಿದ್ದೆ. ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಫಿಟ್ಟರಾಗಿದ್ದ ನನ್ನ ಗಂಡ ಬಸವರಾಜ ಅತ್ತ ಕಡೆಯಿಂದ ಬಸ್ಸಿನ ಮೇಲೆ ಸೈಕಲ್ ಹೇರಿಕೊಂಡು ಬರುತ್ತಿದ್ದರು. ಭಾನುವಾರ ಬೆಳಿಗ್ಗೆ ದೊಡ್ಡ ಓಟ.

ಹತ್ತಿ ಬಂಡಿಯ ಕತೆಯನ್ನು ಮಾವನಿಗೆ ಯಾರೋ ಹೇಳಿದ್ದರು. ಮೊದಲ ಭಾನುವಾರವೇ ಕೇಳಿದರು.

“ಯಾಕ ಬಿದ್ದೆಬೇ ಅವತ್ತು?”

“ಮುಂದಿನವ್ರನ್ನ ಹಿಡೀಬೇಕಂತ ಓಡಿದೆ ಮಾವ.”

“ಅದs ತಪ್ಪು. ಮುಂದಿನ ಕುರಿ ನೋಡ್ಕೋತ ಓಡಿದ್ದು ಹಳ್ಳಕ್ಕ ಬೀಳ್ತದ. ನಿನ್ನ ಕಾಲು ನೋಡ್ಕೋ.” ಎಲೆಗೆ ಸುಣ್ಣ ಹಚ್ಚುತ್ತ ಮುಂದುವರಿಸಿದರು. “ಓಡಲಾರದಾಗ ನಡಿ. ನಡಿಲಾರದಾಗ ನಿಂದ್ರು. ಕುಂದ್ರಬ್ಯಾಡ. ದಣದಾಗ ಕುಂತ ಕುರಿನ ಎಬ್ಬಸಾದು ದೇವರಿಗೂ ಆಗಂಗಿಲ್ಲ.”

ಎಷ್ಟು ದೂರ ಓಡಬೇಕೆಂಬುದನ್ನೂ ಅವರೇ ಹೇಳುತ್ತಿದ್ದರು. ಅವರ ಲೆಕ್ಕದಲ್ಲಿ ಕಿಲೋಮೀಟರು ಇರಲಿಲ್ಲ. “ಆ ಗುಡ್ಡದ ಏರು ಹತ್ತಿ, ಆಚಿ ಕಡಿ ಬೇವಿನ ಗಿಡ ಮುಟ್ಟಿ ಬಾ. ಕುರಿ ಹಳ್ಳಕ್ಕ ನೀರಿಗೆ ಇಳಿಯೋದ್ರಾಗ ಬರಬೇಕು ನೋಡು.” ತಡವಾದರೆ ಬಯ್ಯುತ್ತಿರಲಿಲ್ಲ. “ಕುರಿ ನೀರು ಕುಡದು ಮನಗಿದ್ವು” ಎನ್ನುತ್ತಿದ್ದರು, ಅಷ್ಟೆ. ಆ ಮಾತಿಗಿಂತ ಬಯ್ಗುಳವೇ ವಾಸಿಯಿತ್ತು.

ಆ ಏರಿನ ಮೇಲೆ ನಿಂತರೆ ಬಿಳಿಜೋಳದ ಹೊಲಗಳು ಕಣ್ಣು ಹೋದಷ್ಟು ದೂರ ಕಾಣುತ್ತಿದ್ದವು. ತೆನೆ ಹಾಲು ತುಂಬುವ ಕಾಲ. ಬೆಳಗಿನ ಮಂಜಿನಲ್ಲಿ ಎರೆಹೊಲದ ಬಿರುಕುಗಳಿಂದ ಒಂದು ವಾಸನೆ ಏಳುತ್ತಿತ್ತು. ಮಳೆಯ ವಾಸನೆಯಲ್ಲ, ಧೂಳಿನದ್ದೂ ಅಲ್ಲ. ಅದಕ್ಕೆ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಈಗ ಆ ಕಡೆ ಹೋದರೆ ಎಲ್ಲಿ ನೋಡಿದರೂ ಭತ್ತ. ಮೂಗು ಹಳೆಯದನ್ನೇ ಹುಡುಕುತ್ತದೆ.

ಫೆಬ್ರವರಿಯ ಒಂದು ಭಾನುವಾರ ದೇವದುರ್ಗದಿಂದ ಸಿರವಾರದ ದಿಕ್ಕಿಗೆ ಮೂವತ್ತು ಕಿಲೋಮೀಟರ್ ಓಡಿದೆ. ಬಸವರಾಜ ನೀರಿನ ಬಾಟಲಿ, ಬೆಲ್ಲ, ಶೇಂಗಾ ಕಟ್ಟಿಕೊಂಡು ಸೈಕಲ್ ಮೇಲೆ ಹಿಂದೆ ಬರುತ್ತಿದ್ದರು. ಅರ್ಧ ದಾರಿಯಲ್ಲಿ ಜಾಲಿಮುಳ್ಳು ಚುಚ್ಚಿ ಟೈರು ಕೂತಿತು. “ನೀ ನಡಿ, ನಾ ಬರ್ತೀನಿ” ಅಂದರು. ನೀರೂ ಬೆಲ್ಲವೂ ಅವರ ಹತ್ತಿರವೇ ಉಳಿದವು. ಓಟ ಮುಗಿಸಿ ಗಂಟಲು ಒಣಗಿಸಿಕೊಂಡು ಒಂದು ಹೋಟೆಲಿನ ಮುಂದೆ ಕಂಬ ಹಿಡಿದು ನಿಂತಿದ್ದೆ. ಮಾವನ ಮಾತಿನಂತೆ ಕೂತಿರಲಿಲ್ಲ. ಬಹಳ ಹೊತ್ತಿನ ಮೇಲೆ ಬಸವರಾಜ ಸೈಕಲ್ ತಳ್ಳುತ್ತ, ನನಗಿಂತ ಹೆಚ್ಚು ಬೆವರಿ ಬಂದರು. ಬಂದವರೇ, “ಇಬ್ರೂ ತಯಾರಾದ್ವಿ ಬಿಡು, ನನಗೂ ಒಂದು ಟಿಕೆಟ್ ಕಳಸಂತ ಹೇಳು” ಅಂದರು. ಹೋಟೆಲಿನವನು ನಕ್ಕು ಇಬ್ಬರಿಗೂ ಚಹಾ ಕೊಟ್ಟ.

ಕ್ಯೂಷುವಿನ ಮನೆ

ರಾಯಚೂರು ಸ್ಟೇಷನ್ನಿನಲ್ಲಿ ಬೊಂಬಾಯಿಯ ರೈಲು ಹತ್ತಿಸಲು ನಮ್ಮ ಶಾಲೆಯ ಅರ್ಧ ಜನ ಬಂದಿದ್ದರು. ಸುಲೋಚನಾಬಾಯಿ ಅಕ್ಕೋರು ಕಟಕ ರೊಟ್ಟಿಯ ದೊಡ್ಡ ಗಂಟನ್ನೂ ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಡಬ್ಬಿಯನ್ನೂ ಕೊಟ್ಟರು. ವಿಮಾನದ ವಿಷಯ ಹೆಚ್ಚು ಹೇಳಲಾರೆ. ಕಣ್ಣು ಮುಚ್ಚಿಕೊಂಡೇ ಇದ್ದೆ.

ಆ ಊರು ಸಮುದ್ರಕ್ಕೂ ಗುಡ್ಡಕ್ಕೂ ನಡುವೆ ಒತ್ತಿಕೊಂಡಿತ್ತು. ನನ್ನನ್ನು ಇರಿಸಿಕೊಂಡದ್ದು ಫುಮಿ ಎಂಬ ಐವತ್ತರ ರೈತ ಹೆಂಗಸು. ಭತ್ತದ ಗದ್ದೆ, ಗುಡ್ಡದ ಮೇಲೆ ಕಿತ್ತಳೆ ತೋಟ, ಮಾತೇ ಆಡದ ಗಂಡ. ಆಕೆಗೆ ಜಪಾನಿ ಬಿಟ್ಟು ಬೇರೆ ಬಾರದು. ನನ್ನ ಇಂಗ್ಲಿಷಿನಿಂದ ಅಲ್ಲಿ ಪ್ರಯೋಜನವಿರಲಿಲ್ಲ. ಊರಿನ ಶಾಲೆಯ ಇಂಗ್ಲಿಷ್ ಮೇಷ್ಟ್ರು ದಿನಕ್ಕೊಮ್ಮೆ ಬಂದು ಇಬ್ಬರ ಮಾತನ್ನೂ ಅತ್ತಿಂದಿತ್ತ ದಾಟಿಸಿ ಹೋಗುತ್ತಿದ್ದರು. ಉಳಿದ ಹೊತ್ತು ಆಕೆ ಜಪಾನಿಯಲ್ಲಿ, ನಾನು ಕನ್ನಡದಲ್ಲಿ ಮಾತಾಡುತ್ತಿದ್ದೆವು. ಎಲ್ಲವೂ ತಿಳಿಯುತ್ತಿತ್ತು.

ಅವರ ನಾಲಿಗೆಗೆ ಲಕಾರ ಹೊರಳುವುದಿಲ್ಲ. ಮಲ್ಲಮ್ಮ ಹೋಗಿ ನಾನು “ಮಾರಮ್ಮ-ಸಾನ್”, ಅಂದರೆ ಮಾರಮ್ಮನವರು, ಆದೆ. ಮೊದಲ ಸಲ ಕೇಳಿದಾಗ ಕೈ ಮುಗಿಯಬೇಕೋ ನಗಬೇಕೋ ತಿಳಿಯಲಿಲ್ಲ. ಊರಿನ ಮಕ್ಕಳೆಲ್ಲ ನನ್ನ ಹಿಂದೆ “ಮಾರಮ್ಮ, ಮಾರಮ್ಮ” ಎಂದು ಕೂಗುತ್ತ ಬರುವಾಗ ಬೇವಿನ ಸೊಪ್ಪೊಂದು ಕಡಿಮೆಯಿತ್ತು.

ಮೊದಲ ಸಂಜೆ ಸ್ನಾನಕ್ಕೆ ನನ್ನನ್ನೇ ಮುಂದೆ ಕಳಿಸಿದರು. ಮರದ ದೊಡ್ಡ ತೊಟ್ಟಿಯ ತುಂಬ ಹೊಗೆಯಾಡುವ ನೀರು. ಚಳಿಗೆ ಹಾಯಾಗಿ ಕೂತೆದ್ದು, ನಾನು ಮುಳುಗಿದ ನೀರನ್ನು ಇನ್ನೊಬ್ಬರಿಗೆ ಬಿಡುವುದು ಮೈಲಿಗೆಯೆಂದು ಬಿರಡೆ ಕಿತ್ತು ಎಲ್ಲವನ್ನೂ ಹರಿಸಿ, ತೊಟ್ಟಿ ತಿಕ್ಕಿ ಬಂದೆ. ಆಮೇಲೆ ತಿಳಿಯಿತು, ಹೊರಗೇ ಮೈ ತೊಳೆದುಕೊಂಡು ಮನೆಯವರೆಲ್ಲ ಆ ಒಂದೇ ನೀರಿನಲ್ಲಿ ಸರದಿಯಂತೆ ಕೂರುವುದು ಅಲ್ಲಿಯ ರೂಢಿ. ಗಂಡ ಹೆಂಡತಿ ಖಾಲಿ ತೊಟ್ಟಿಯನ್ನು ನೋಡಿ ಒಂದು ಗಳಿಗೆ ನಿಂತರು. ಮಾತೇ ಆಡದ ಆ ಗಂಡಸು ಮೊದಲು ನಕ್ಕದ್ದು ಆಗಲೇ.

ನಾನು ರೊಟ್ಟಿಯ ಗಂಟು ಬಿಚ್ಚಿದೆ. ಕಟಕ ರೊಟ್ಟಿ ಪಟ್ಟನೆ ಮುರಿದ ಸದ್ದಿಗೆ ಫುಮಿಯ ಕಣ್ಣು ಅರಳಿತು. ಅವರಲ್ಲೂ ಅಕ್ಕಿಯದು ಹಾಗೇ ಸದ್ದು ಮಾಡುವ ತಿಂಡಿಯೊಂದುಂಟು. ಹಿಂಡಿ ಹಚ್ಚಿಕೊಂಡು ಬಾಯಿಗಿಟ್ಟು, ಕಣ್ಣಲ್ಲಿ ನೀರು ಬಂದು, ಒಂದು ಚೊಂಬು ನೀರು ಕುಡಿದು, ಮತ್ತೆ ಕೈ ಚಾಚಿದಳು. ಅಲ್ಲಿಂದ ಮುಂದೆ ನಾವು ಒಂದೇ ಮನೆಯವರು.

ಓಟದ ಹಿಂದಿನ ದಿನ

ಊರು ನೋಡುವ ಆಸೆಗೆ ಆ ಬೆಳಿಗ್ಗೆ ಗದ್ದೆಯ ಬದುಗಳ ಮೇಲೆ ಸ್ವಲ್ಪ ಓಡಾಡಿ ಬಂದೆ. ಬೂಟಿನ ತುಂಬ ಕೆಸರು. ಅಲ್ಲಿಯ ಪದ್ಧತಿಯಂತೆ ಬಾಗಿಲಲ್ಲಿ ಬಿಟ್ಟು ಒಳಗೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಬೂಟಿಲ್ಲ. ಹಿತ್ತಲಲ್ಲಿ ಫುಮಿ ಅವನ್ನು ಸೋಪು ಹಾಕಿ ತಿಕ್ಕಿ, ಹಾಲಿನ ಹಾಗೆ ಬಿಳಿ ಮಾಡಿ, ಬಿದಿರ ಕೋಲಿಗೆ ಸಿಕ್ಕಿಸಿದ್ದಳು. ಅತಿಥಿಯ ಬೂಟು ಕೊಳಕಾಗಿರಬಾರದೆಂಬ ಪ್ರೀತಿ ಅದು. ಆಕಾಶದಲ್ಲಿ ಮೋಡ, ಗಾಳಿಯಲ್ಲಿ ನೀರು. ಬೂಟು ಹಿಂಡಿದರೆ ಹನಿ ಬೀಳುತ್ತಿತ್ತು.

ನನ್ನ ಮುಖ ನೋಡಿ ಆಕೆಗೆ ಅರ್ಥವಾಯಿತು. ಬಾಯಿಗೆ ಕೈ ಅಡ್ಡ ಹಿಡಿದಳು. ಓಡಿಹೋಗಿ ಸೀಮೆಎಣ್ಣೆಯ ಒಲೆ ಹಚ್ಚಿ ಬೂಟುಗಳನ್ನು ಅದರ ಮುಂದಿಟ್ಟಳು. ಗಡಿಬಿಡಿಯಲ್ಲಿ ತೀರಾ ಹತ್ತಿರ ಇಟ್ಟುಬಿಟ್ಟಳು. ರಬ್ಬರು ಸುಟ್ಟ ವಾಸನೆ ಬರುವಷ್ಟರಲ್ಲಿ ಒಂದು ಬೂಟಿನ ಅಟ್ಟೆ ಬಾಯಿಬಿಟ್ಟು ಸೊಟ್ಟಗಾಗಿತ್ತು.

ಫುಮಿ ನೆಲಕ್ಕೆ ಹಣೆ ಹಚ್ಚಿ ಅತ್ತಳು. ನನಗೂ ಅಳು ಬಂತು. ನಾಲ್ಕು ತಿಂಗಳ ಚಳಿ, ಗುಡ್ಡದ ಏರು, ಮಾನ್ವಿಯ ಜನ, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. “ಯವ್ವಾ, ಏಳು. ಬರಿಗಾಲಲ್ಲೇ ಓಡ್ತೀನಿ” ಅಂದೆ. ಸಂಜೆ ಬಂದ ಮೇಷ್ಟ್ರು ತಮ್ಮ ಊರಿನ ಅಂಗಡಿಗಳಲ್ಲಿ ಓಟದ ಬೂಟು ಗಂಡಸರ ಅಳತೆಯವು ಮಾತ್ರ ಸಿಗುತ್ತವೆ ಎಂದು ತಲೆ ತಗ್ಗಿಸಿದರು. ಆಗ ಫುಮಿ ಎದ್ದು ಒಳಗಿಂದ ಒಂದು ಜೊತೆ ತಂದಳು. ಅವರ ರೈತರು ಕೆಲಸಕ್ಕೆ ಹಾಕುವ ಬಟ್ಟೆಯ ಬೂಟು, ತೆಳು ರಬ್ಬರಿನ ಅಟ್ಟೆ. ಹೆಬ್ಬೆರಳಿಗೊಂದು ಮನೆ, ಉಳಿದ ನಾಲ್ಕಕ್ಕೆ ಒಂದು ಮನೆ. ಕುರಿಯ ಗೊರಸಿನ ಹಾಗೇ ಎರಡು ಸೀಳು. ಹಾಕಿ ನೋಡಿದೆ. ಅಳತೆ ಕೊಟ್ಟು ಹೊಲಿಸಿದಂತಿತ್ತು.

ಓಟದ ದಿನ

ಹೊರಟ ಐದು ತಾಸಿನೊಳಗೆ ಓಟ ಮುಗಿಸಬೇಕು, ಅಷ್ಟರ ಮೇಲೆ ರಸ್ತೆಯನ್ನು ಗಾಡಿಗಳಿಗೆ ಬಿಡುತ್ತಾರೆ, ಹಿಂದುಳಿದವರನ್ನು ಕರೆತರಲು ಬಸ್ಸೊಂದು ಬರುತ್ತದೆ ಎಂದು ಮೇಷ್ಟ್ರು ಮೊದಲೇ ಹೇಳಿದ್ದರು. ಬಸ್ಸು ಎಂದ ಕೂಡಲೇ ನನಗೆ ಹತ್ತಿ ಬಂಡಿ ನೆನಪಾಯಿತು.

ಬೆಳಿಗ್ಗೆಯಿಂದಲೇ ಸೋನೆ. ಸಮುದ್ರದ ಗಾಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಮೊದಲರ್ಧ ಚೆನ್ನಾಗಿಯೇ ಓಡಿದೆ. ಮುಂದಿನವರನ್ನು ನೋಡಲಿಲ್ಲ, ನನ್ನ ಸೀಳು ಬೂಟುಗಳನ್ನು ನೋಡಿಕೊಂಡೆ. ದಾರಿಯುದ್ದಕ್ಕೂ ಮುದುಕಿಯರು ಕೊಡೆ ಹಿಡಿದು ನಿಂತು ಕಾಗದದ ಬಾವುಟ ಬೀಸುತ್ತಿದ್ದರು. ನನ್ನ ಕಾಲು ಕಂಡೊಡನೆ ಒಬ್ಬರಿಗೊಬ್ಬರು ತೋರಿಸಿ, ತಮ್ಮದೇ ಊರಿನ ಸೊಸೆ ಓಡಿಬಂದಂತೆ ಕೂಗುತ್ತಿದ್ದರು. ನಮ್ಮ ಕಡೆ ಓಡುವ ಹೆಂಗಸನ್ನು ಕಂಡರೆ ಏನಾಯಿತೆಂದು ಕೇಳುತ್ತಾರೆ. ಅಲ್ಲಿ ಯಾರೂ ಕೇಳಲಿಲ್ಲ.

ಮೂವತ್ತರ ನಂತರ ಕಾಲು ಕಲ್ಲಾಯಿತು. ನಮ್ಮ ಬಿಸಿಲಿನಲ್ಲಿ ಬೆಳೆದ ಮೈ ಆ ತಣ್ಣನೆಯ ಮಳೆಗೆ ಮುದುಡಿಕೊಂಡಿತು. ಓಡಲಾರದೆ ನಡೆದೆ, ನಡೆಯಲಾರದೆ ನಿಂತೆ, ನಿಂತು ಮತ್ತೆ ನಡೆದೆ. ಮೂವತ್ತೈದರ ಕಲ್ಲು ದಾಟಿದಾಗ ಹಿಂದೆ ಎಂಜಿನ್ನಿನ ಸದ್ದು ಕೇಳಿಸಿತು.

ತಿರುಗಿ ನೋಡಿದರೆ ಬಸ್ಸು. ಬಾಗಿಲಲ್ಲಿ ಬಿಳಿ ಕೈಗವಸು ಹಾಕಿದ ನಡುವಯಸ್ಸಿನ ಗಂಡಸು. ಬಸ್ಸು ನನ್ನ ಪಕ್ಕಕ್ಕೆ ಬಂದಾಗ ಕೆಳಗಿಳಿದು ಸೊಂಟದವರೆಗೆ ಬಾಗಿ, ಬಾಗಿಲು ತೋರಿಸಿದ. ನಾನು ಕೈ ಮುಗಿದು ತಲೆ ಅಲ್ಲಾಡಿಸಿದೆ. ಹಾಗಾದರೆ ರಸ್ತೆ ಬದಿಯ ಕಾಲುದಾರಿಗೆ ಹತ್ತು ಎಂದು ಸನ್ನೆ ಮಾಡಿದ, ಹತ್ತಿದೆ. ಅವನು ಬಸ್ಸು ಹತ್ತಿದ. ಇನ್ನು ಹೋಗಿಬಿಡುತ್ತಾನೆ ಅಂದುಕೊಂಡೆ. ಬಸ್ಸು ಹೋಗಲಿಲ್ಲ. ರಸ್ತೆಯ ಅಂಚಿಗೆ ಸರಿದು ನನ್ನ ಹಿಂದೆಯೇ ಬಂತು.

ಸ್ವಲ್ಪ ದೂರಕ್ಕೊಮ್ಮೆ ಅವನು ಇಳಿಯುವನು, ಬಾಗುವನು, ಬಾಗಿಲು ತೋರಿಸುವನು. ನಾನು ಕೈ ಮುಗಿಯುವೆನು. ಮೊದಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಒಳಗೆ ಕಂಬಳಿ ಹೊದ್ದು ಕೂತಿದ್ದ ಆರೇಳು ಜನ ಓಟಗಾರರು ಕಿಟಕಿಯ ಮಂಜು ಒರೆಸಿ ನನ್ನನ್ನೇ ನೋಡುತ್ತಿದ್ದರು. ಒಂದು ಸೇತುವೆಯ ಹತ್ತಿರ ಮೊಣಕಾಲು ಮಡಚಿಕೊಂಡಿತು. ಕಟ್ಟೆಯೊಂದು ಕಂಡಿತು, ಕೂತರೆ ಸಾಕೆನ್ನಿಸಿತು. ಕೂರಲಿಲ್ಲ. ಕಟ್ಟೆ ಹಿಡಿದು ನಿಂತು ಹತ್ತರವರೆಗೆ ಎಣಿಸಿದೆ. ಹಿಂದೆ ಬಸ್ಸೂ ನಿಂತಿತು. ನಾನು ಹೊರಟಾಗ ಅದೂ ಹೊರಟಿತು. “ಹೋಗಪ್ಪಾ, ಹೋಗು! ನಾ ಹತ್ತಂಗಿಲ್ಲ ಅಂದ್ರ ಹತ್ತಂಗಿಲ್ಲ!” ಎಂದು ಕೂಗಿದೆ. ಅವನು ಅದಕ್ಕೂ ಬಾಗಿದ.

ಹೀಗೆ ಏಳು ಕಿಲೋಮೀಟರ್.

ಓಟ ಮುಗಿಯುವ ಶಾಲೆಯ ಮೈದಾನಕ್ಕೆ ಬಂದಾಗ ಐದು ತಾಸಿನ ಗಡುವು ಎಂದೋ ಕಳೆದಿತ್ತು. ಗಡಿಯಾರಕ್ಕೆ ತಾಡಪತ್ರಿ ಹೊದಿಸಿದ್ದರು. ಮೇಜು ಮಡಚುತ್ತಿದ್ದವರು ಕೆಲಸ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಫುಮಿ ಕೊಡೆ ಬಿಸಾಡಿ ಓಡಿಬಂದು, ಮಳೆಯಲ್ಲಿ ತೊಯ್ದು ಮುದ್ದೆಯಾಗಿದ್ದ ನನ್ನನ್ನು ಅಪ್ಪಿಕೊಂಡಳು. ಅಲ್ಲಿಯವರು ಹಾಗೆಲ್ಲ ಅಪ್ಪಿಕೊಳ್ಳುವ ಜನರಲ್ಲ.

ಆ ಹೊತ್ತಿಗೆ ಬಸ್ಸು ಬಂದು ನಿಂತಿತು. ಬಿಳಿ ಕೈಗವಸಿನವನು ಇಳಿದು, ನನ್ನ ಕಡೆ ತಿರುಗಿ, ಎಲ್ಲಕ್ಕಿಂತ ಆಳವಾಗಿ ಬಾಗಿದ. ನಾನು ಮುಖ ತಿರುಗಿಸಿದೆ. ಏಳು ಕಿಲೋಮೀಟರ್ ಬೆನ್ನಿಗೆ ಬಿದ್ದು ಕಾಡಿದವನಿಗೆ ಕೈ ಮುಗಿಯುವಷ್ಟು ತಾಳ್ಮೆ ಉಳಿದಿರಲಿಲ್ಲ. ಮತ್ತೆ ನೋಡುವಷ್ಟರಲ್ಲಿ ಬಸ್ಸು ಹೋಗಿತ್ತು.

ಕುರ್ಡಿ

ಮಾನ್ವಿಯಲ್ಲಿ ಎಲ್ಲರ ಪ್ರಶ್ನೆ ಒಂದೇ: “ಎಷ್ಟನೇ ನಂಬರ್ ಬಂದ್ರಿ ಅಕ್ಕೋರ?” ಹೊತ್ತು ಮೀರಿ ಬಂದವರಿಗೆ ನಂಬರಿಲ್ಲ, ಸರ್ಟಿಫಿಕೇಟೂ ಇಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ಸುಲೋಚನಾಬಾಯಿ ಅಕ್ಕೋರು ಮಾತ್ರ, “ಬಂಡಿ ಮ್ಯಾಲ ಬರಲಿಲ್ಲಲ್ಲ?” ಅಂದರು. ಇಲ್ಲವೆಂದೆ. “ಹಂಗಾದ್ರ ಪ್ರಾರ್ಥನಾಕ ಎಲ್ಲಾರ ಮುಂದ ಹೇಳ್ರಿ” ಅಂದರು.

ಆ ಭಾನುವಾರ ಕುರ್ಡಿಗೆ ಹೋದೆ. ಬೇಸಗೆ ಏರುತ್ತಿತ್ತು, ಹಿಂಡು ಊರ ಹತ್ತಿರ ಬಂದಿತ್ತು. ಬೇವಿನ ನೆರಳಲ್ಲಿ ಕುರಿಗಳು ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ನಿಂತಿದ್ದವು. ಮಾವ ಮೊದಲು ಕೇಳಿದ್ದು, “ಅವರ ಕುರಿ ಹೆಂಗ ಅದಾವಬೇ?” ಆ ದೇಶದಲ್ಲಿ ನಾನು ಒಂದೇ ಒಂದು ಕುರಿಯನ್ನೂ ಕಂಡಿರಲಿಲ್ಲ. ಹೇಳಿದಾಗ ಅವರಿಗೆ ನಂಬಿಕೆಯಾಗಲಿಲ್ಲ.

ಆಮೇಲೆ ಓಟದ ಕತೆಯನ್ನು ಮೊದಲಿನಿಂದ ಹೇಳಿದೆ. ಮಳೆ, ಮುದುಕಿಯರು, ಸೇತುವೆ. ಬಸ್ಸಿನ ವಿಷಯ ಬಂದಾಗ ಮೈದಾನದಲ್ಲಿದ್ದ ಸಿಟ್ಟೇ ಮತ್ತೆ ಬಂತು. “ಸಾಕಾಗಿ ಹೋತು ಮಾವ. ಹತ್ತು ಹತ್ತು ಅಂತ ಬೆನ್ನು ಬಿಡಲಿಲ್ಲ ಆ ಮನಷಾ.”

ಮಾವ ಎಲೆಯ ಚೀಲ ಬಿಚ್ಚುತ್ತಿದ್ದವರು ಕೈ ನಿಲ್ಲಿಸಿದರು.

“ಏಳು ಕಿಲೋಮೀಟರ್ ನಿನ್ನ ಹಿಂದs ಬಂದನೇನು?”

“ಹ್ಞೂಂ. ನಾ ನಿಂತ್ರ ನಿಂದ್ರತಿದ್ದ, ನಡದ್ರ ನಡೀತಿದ್ದ.”

“ಒಮ್ಮಿನೂ ಮುಂದ ಹೋಗಲಿಲ್ಲ?”

“ಇಲ್ಲ.”

ಅವರು ಹಿಂಡಿನ ಕಡೆ ಕೈ ತೋರಿಸಿದರು.

“ಬಾಳ ತ್ರಾಸಿನ ಕೆಲಸ ಅದು. ಮುಂದಿನ ಕುರಿ ಯಾವನಾದ್ರೂ ಕಾಯ್ತಾನ. ಕಡೀ ಕುರಿ ಹಿಂದ, ಅದರ ಹೆಜ್ಜಿಗೆ ಹೆಜ್ಜಿ ಹಾಕ್ಕೋತ ಬರೋದು ಎಲ್ಲಾರ್ಗೂ ಆಗಂಗಿಲ್ಲ. ಅಂವ ಕುರಿ ಕಾಯಾಂವ ನೋಡು. ಕುರಿ ಇಲ್ಲ ಅಂತೀಯಲ್ಲ ನೀ.” ಒಂದು ಎಲೆ ತೆಗೆದು ನನ್ನ ಕೈಗಿಟ್ಟರು. “ಏನಂತ ಅವನ ಹೆಸರು?”

ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ.